ಬುರುಡ ರಾಜನ ಕೋಟೆಯ ನಿಧಿ

ಮುಂಬಯಿಯ ಉತ್ತರ ಅಂಚಿನಲ್ಲಿ, ದಹಿಸರ್ ನದಿ ಇಳಿದು ಬರುವ ಕಾಡುಗುಡ್ಡಗಳ ನಡುವೆ ಕನ್ಹೇರಿಯ ಬೌದ್ಧ ಗುಹೆಗಳಿವೆ. 1839ರಲ್ಲಿ ಜೇಮ್ಸ್ ಬರ್ಡ್ ಎಂಬ ಕಂಪನಿ ಸರ್ಕಾರದ ವೈದ್ಯರು ಆ ಗುಹೆಗಳ ಮುಂದೆ ಕುಸಿದು ಬಿದ್ದಿದ್ದ ದೊಡ್ಡ ಸ್ತೂಪವೊಂದನ್ನು ಅಗೆಸಿದರು. ಆಳುಗಳು ನೆತ್ತಿಯಿಂದ ಬುಡದವರೆಗೂ ತೋಡಿದರು. ನೆಲಮಟ್ಟ ತಲುಪಿದಾಗ, ನಡುವೆ ಟೊಳ್ಳು ಕೊರೆದ ದುಂಡು ಕಲ್ಲೊಂದು ಕಾಣಿಸಿತು. ಅದರ ಒಳಗೆ ತಾಮ್ರದ ಎರಡು ಪುಟ್ಟ ಭರಣಿಗಳಿದ್ದವು. ಒಂದರಲ್ಲಿ ಬೂದಿ, ಒಂದು ಮಾಣಿಕ್ಯ, ಒಂದು ಮುತ್ತು, ಚಿನ್ನದ ಚೂರುಗಳು, ಬಟ್ಟೆಯ ತುಂಡನ್ನು ಮಡಚಿಟ್ಟ ಚಿನ್ನದ ಡಬ್ಬಿ. ಇನ್ನೊಂದರಲ್ಲಿ ಬೂದಿ ಮತ್ತು ಬೆಳ್ಳಿಯ ಡಬ್ಬಿ. ಭರಣಿಗಳ ಜೊತೆಗೆ ಅಕ್ಷರ ಕೆತ್ತಿದ ಎರಡು ತಾಮ್ರದ ತಗಡುಗಳೂ ಸಿಕ್ಕವು.

ನಿಧಿ ಸಿಕ್ಕಿತು, ಆದರೆ ಅದು ಯಾರದೆಂದು ತಿಳಿಯಲಿಲ್ಲ. ತಗಡಿನ ಬರಹಕ್ಕೆ ಬರ್ಡ್ ಕೊಟ್ಟ ಅರ್ಥ ಮುಂದೆ ನಿಲ್ಲಲಿಲ್ಲ. ಹಳೆಯ ಲಿಪಿಯನ್ನು ಓದುವ ವಿದ್ಯೆಯೇ ಆಗಿನ್ನೂ ಎಳೆಯದಾಗಿತ್ತು. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಅಕ್ಷರಗಳ ಗುಟ್ಟು ಬಿಡಿಸಿ ಎರಡು ವರ್ಷವಷ್ಟೇ ಕಳೆದಿತ್ತು. ಕಾಲ ಸರಿದಂತೆ ಆ ತಗಡುಗಳೂ ಕಣ್ಮರೆಯಾದವು. ಬರ್ಡ್ ಅಚ್ಚು ಹಾಕಿಸಿದ ನಕಲೊಂದೇ ಉಳಿಯಿತು.

ಅದೇ 1839ರ ನವೆಂಬರಿನಲ್ಲಿ, ಸೌರಾಷ್ಟ್ರದ ಜುನಾಗಢದಲ್ಲಿ ವೈದ್ಯವೃತ್ತಿಯ ಬ್ರಾಹ್ಮಣ ಮನೆತನವೊಂದರಲ್ಲಿ ಗಂಡುಮಗು ಹುಟ್ಟಿತು. ಹೆಸರು ಭಗವಾನ್‌ಲಾಲ್. ತಂದೆಯ ಹೆಸರು ಸೇರಿ ಮುಂದೆ ಭಗವಾನ್‌ಲಾಲ್ ಇಂದ್ರಜಿ ಎಂದಾಯಿತು. ಕನ್ಹೇರಿಯಲ್ಲಿ ಮೂಕವಾಗಿ ಉಳಿದ ಬರಹಕ್ಕೆ ಬಾಯಿ ಬರಿಸುವವರು ಇವರೇ ಎಂದು ಆ ಹೊತ್ತಿನಲ್ಲಿ ಊಹಿಸಬಲ್ಲವರು ಯಾರೂ ಇರಲಿಲ್ಲ.

ಜುನಾಗಢದಿಂದ ಗಿರ್ನಾರ್ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಒಂದು ಹೆಬ್ಬಂಡೆಯಿದೆ. ಅದರ ಒಂದು ಮೈಮೇಲೆ ಅಶೋಕನ ಹದಿನಾಲ್ಕು ಶಾಸನಗಳು, ಇನ್ನೊಂದು ಮೈಮೇಲೆ ಕ್ಷತ್ರಪ ರುದ್ರದಾಮನನ ಶಾಸನ, ಮತ್ತೊಂದು ಕಡೆ ಸ್ಕಂದಗುಪ್ತನ ಕಾಲದ್ದು. ಯಾತ್ರಿಕರು ಬಂಡೆಯನ್ನು ದಾಟಿ ಬೆಟ್ಟ ಹತ್ತುತ್ತಿದ್ದರು. ಭಗವಾನ್‌ಲಾಲ್ ಬಂಡೆಯ ಬಳಿಯೇ ನಿಂತರು. ಪ್ರಿನ್ಸೆಪ್ ಸಿದ್ಧಪಡಿಸಿದ್ದ ಹಳೆಯ ಅಕ್ಷರಗಳ ಪಟ್ಟಿಯೊಂದು ಅವರ ಕೈಸೇರಿತ್ತು. ಪಟ್ಟಿಯನ್ನು ಹಿಡಿದು, ಒಂದೊಂದೇ ಅಕ್ಷರವನ್ನು ಬಂಡೆಯ ಮೇಲೆ ಹುಡುಕಿ, ಗುರುವಿಲ್ಲದೆಯೇ ಅವರು ಲಿಪಿಯನ್ನು ಕಲಿತರು. ಅವರಿಗೆ ಅಂತಹ ಇಂಗ್ಲಿಷ್ ಬರುತ್ತಿರಲಿಲ್ಲ. ಕಾಲೇಜು ಕಂಡವರಲ್ಲ, ಯಾವ ಇಲಾಖೆಯ ನೌಕರರೂ ಅಲ್ಲ. ಸಂಸ್ಕೃತದ ತಿಳಿವಳಿಕೆ, ಚುರುಕು ಕಣ್ಣು, ಹಿಡಿದದ್ದನ್ನು ಬಿಡದ ಹಟ ಇಷ್ಟೇ ಅವರ ಬಂಡವಾಳ.

ಈ ಯುವಕನ ಸುದ್ದಿ ಮುಂಬಯಿಯಲ್ಲಿದ್ದ ಡಾಕ್ಟರ್ ಭಾವು ದಾಜಿಯವರ ಕಿವಿಗೆ ಬಿತ್ತು. ನಗರದ ಹೆಸರಾಂತ ವೈದ್ಯರಾಗಿದ್ದ ಅವರಿಗೆ ಹಳೆಯ ಶಾಸನಗಳ ಹುಚ್ಚಿತ್ತು. ಆದರೆ ಕಾಡುಮೇಡು ಅಲೆಯಲು ಬಿಡುವಿರಲಿಲ್ಲ. 1860ರ ದಶಕದ ಆರಂಭದಲ್ಲಿ ಅವರು ಭಗವಾನ್‌ಲಾಲರನ್ನು ಮುಂಬಯಿಗೆ ಕರೆಸಿಕೊಂಡರು. ಅಲ್ಲಿಂದ ಹತ್ತು ವರ್ಷಕ್ಕೂ ಮೇಲ್ಪಟ್ಟು ಭಗವಾನ್‌ಲಾಲ್ ದೇಶ ಸುತ್ತಿದರು. ನಾಸಿಕ, ಕಾರ್ಲೆ, ಅಜಂತಾದ ಗುಹೆಗಳು, ಒಡಿಶಾದ ಖಂಡಗಿರಿ, ದೂರದ ನೇಪಾಳ. ಎಲ್ಲೆಲ್ಲಿ ಕಲ್ಲಿನ ಮೇಲೆ ಅಕ್ಷರವಿದೆಯೆಂಬ ಸುದ್ದಿ ಬಂದರೂ ಅಲ್ಲಿಗೆ ಹೋಗಿ ಪಡಿಯಚ್ಚು ತೆಗೆದರು. 1869ರಲ್ಲಿ ಮಥುರೆಯಲ್ಲಿ, ಬಡವರ ಕೇರಿಯ ಶೀತಲಾದೇವಿ ಗುಡಿಯ ಮೆಟ್ಟಿಲಲ್ಲಿ ಸೇರಿಹೋಗಿದ್ದ ಒಂದು ಕಲ್ಲು ಅವರ ಕಣ್ಣಿಗೆ ಬಿತ್ತು. ಮೈತುಂಬ ಖರೋಷ್ಠಿ ಲಿಪಿಯ ಬರಹವಿದ್ದ, ಕಂಬದ ನೆತ್ತಿಯ ಸಿಂಹಶಿರಸ್ಸು ಅದು. ಮುಂದೆ ಶಕರ ಇತಿಹಾಸಕ್ಕೆ ಅದೇ ದೊಡ್ಡ ಆಧಾರವಾಯಿತು. ವಿದ್ವಾಂಸರು ಬಗ್ಗಿ ನೋಡದ ಜಾಗಗಳಲ್ಲಿ ನೋಡುವುದನ್ನು ಅವರು ಹೀಗೆ ರೂಢಿಸಿಕೊಂಡಿದ್ದರು.

ಅವರ ದುಡಿಮೆಯ ಫಲವಾಗಿ ಬಂದ ಲೇಖನಗಳು ಭಾವು ದಾಜಿಯವರ ಹೆಸರಿನಲ್ಲಿ ಹೊರಬರುತ್ತಿದ್ದವು. 1874ರಲ್ಲಿ ಭಾವು ದಾಜಿ ತೀರಿಕೊಂಡಾಗ ಭಗವಾನ್‌ಲಾಲರ ಕಾಲ ಕೆಳಗಿನ ನೆಲವೇ ಕುಸಿಯಿತು. ಆಶ್ರಯ ಹೋಯಿತು, ಓಡಾಟದ ಖರ್ಚಿಗೆ ದಾರಿಯಿರಲಿಲ್ಲ. ಬಲ್ಲದ್ದನ್ನು ಲೋಕಕ್ಕೆ ಹೇಳಲು ಬೇಕಾದ ಇಂಗ್ಲಿಷ್ ಕೂಡ ಕೈಯಲ್ಲಿರಲಿಲ್ಲ. ಅವರು ಗುಜರಾತಿಯಲ್ಲೇ ಬರೆಯತೊಡಗಿದರು. ಜರ್ಮನ್ ವಿದ್ವಾಂಸ ಗೇಯೋರ್ಗ್ ಬ್ಯೂಲರ್ ಅವುಗಳ ಬೆಲೆಯರಿತು ಇಂಗ್ಲಿಷಿಗೆ ತಂದರು. 1877ರಲ್ಲಿ ನಾಣೇಘಾಟಿನ ಶಾಸನದಲ್ಲಿದ್ದ ವಿಚಿತ್ರ ಗುರುತುಗಳು ಹಳೆಯ ಕಾಲದ ಅಂಕಿಗಳೆಂದು ಭಗವಾನ್‌ಲಾಲ್ ವಿವರಿಸಿದಾಗ, ಆ ಹೆಸರನ್ನು ವಿದ್ವತ್ ಲೋಕ ಗಮನಿಸಿತು.

ಕನ್ಹೇರಿಯ ಹಳೆಯ ಸಮಸ್ಯೆ ಅವರ ಮೇಜಿಗೆ ಬಂದದ್ದು ಇದೇ ಅವಧಿಯಲ್ಲಿ. ಪುರಾತತ್ವಜ್ಞ ಜೇಮ್ಸ್ ಬರ್ಜೆಸ್ ಜೊತೆ ಸೇರಿ ಪಶ್ಚಿಮ ಭಾರತದ ಗುಹಾಶಾಸನಗಳ ಸಂಗ್ರಹವನ್ನು ಅವರು ಸಿದ್ಧಪಡಿಸುತ್ತಿದ್ದರು. ಅದು 1881ರಲ್ಲಿ ಪ್ರಕಟವಾಯಿತು. ಮೂಲ ತಗಡು ಇರಲಿಲ್ಲ, ಬರ್ಡ್ ಬಿಟ್ಟುಹೋದ ನಕಲಿತ್ತು. ಬರ್ಡ್ ತಡವರಿಸಿದ್ದ ಬರಹ ಈಗ ಸಲೀಸಾಗಿ ಓದಿಸಿಕೊಂಡಿತು. ತ್ರೈಕೂಟಕ ರಾಜವಂಶದ ಆಳ್ವಿಕೆಯ 245ನೇ ವರ್ಷ, ಅಂದರೆ ಕ್ರಿ.ಶ. ಐದನೇ ಶತಮಾನದ ಕೊನೆ. ಸಿಂಧು ದೇಶದಿಂದ ಬಂದ ಬುದ್ಧರುಚಿ ಎಂಬವನು ಕೃಷ್ಣಗಿರಿಯ, ಅಂದರೆ ಇಂದಿನ ಕನ್ಹೇರಿಯ, ಮಹಾವಿಹಾರದಲ್ಲಿ ಬುದ್ಧನ ಹಿರಿಯ ಶಿಷ್ಯ ಶಾರಿಪುತ್ರನಿಗಾಗಿ ಕಟ್ಟಿಸಿದ ಸ್ತೂಪ ಅದು. ನಾಲ್ಕು ದಶಕ ಹೆಸರಿಲ್ಲದೆ ಬಿದ್ದಿದ್ದ ನಿಧಿಗೆ ಒಡೆಯ ಸಿಕ್ಕಿದ, ಕಾಲ ಸಿಕ್ಕಿತು. ಸ್ತೂಪವನ್ನು ಅಗೆಯುವವನಿಗೆ ಗುದ್ದಲಿಗಿಂತ ಮೊದಲು ಓದು ಬೇಕೆಂಬುದು ಭಗವಾನ್‌ಲಾಲರಿಗೆ ಖಚಿತವಾಗಿತ್ತು.

ಆ ಹೊತ್ತಿಗೆ ಇನ್ನೂ ದೊಡ್ಡದೊಂದು ಪ್ರಶ್ನೆ ಅವರನ್ನು ಕಾಡುತ್ತಿತ್ತು. ಶೂರ್ಪಾರಕವೆಂಬ ಮಹಾನಗರಿ ಏನಾಯಿತು? ಮಹಾಭಾರತದಲ್ಲಿ ಅದು ಪುಣ್ಯಸ್ಥಳ. ಸಿಂಹಳದ ಮಹಾವಂಶದ ಪ್ರಕಾರ, ಲಂಕೆಗೆ ಹೊರಟ ವಿಜಯನ ಹಡಗು ಮೊದಲು ಅಲ್ಲಿನ ರೇವಿನಲ್ಲಿ ತಂಗಿತು. ಗ್ರೀಕ್ ನಾವಿಕರ ಕೈಪಿಡಿಯಲ್ಲೂ ಟಾಲೆಮಿಯ ಭೂಗೋಳದಲ್ಲೂ ಅದೇ ಹೆಸರು ಚೂರು ಬದಲಾಗಿ ಬರುತ್ತದೆ. ಬೈಬಲ್ಲಿನ ರಾಜ ಸೊಲೊಮನ್ನನಿಗೆ ಚಿನ್ನ ಹೋಗುತ್ತಿದ್ದ ಒಫೀರ್ ಇದೇ ಇರಬಹುದೆಂದು ಊಹಿಸಿದವರೂ ಇದ್ದರು. ಪುಸ್ತಕಗಳ ಮಾತು ಹಾಗಿರಲಿ, ಭಗವಾನ್‌ಲಾಲ್ ಸ್ವತಃ ಪಡಿಯಚ್ಚು ತೆಗೆದ ಗುಹೆಗಳ ಗೋಡೆಗಳೇ ಆ ಊರಿನ ಹೆಸರು ಹೇಳುತ್ತಿದ್ದವು. ಕಾರ್ಲೆಯಲ್ಲಿ ಕಂಬ ಕೊಟ್ಟ ದಾನಿಯೊಬ್ಬ ಆ ಊರಿನವನು. ನಾಸಿಕದಲ್ಲಿ ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತ ತಾನು ಧರ್ಮಶಾಲೆ ಕಟ್ಟಿಸಿದ ಊರುಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿದ್ದ.

ಬೌದ್ಧ ಕತೆಯೊಂದು ಇವೆಲ್ಲಕ್ಕಿಂತ ಹೆಚ್ಚು ಸೆಳೆಯುವಂಥದ್ದು. ಶೂರ್ಪಾರಕದ ಪೂರ್ಣನೆಂಬ ವ್ಯಾಪಾರಿ ಹಡಗಿನಲ್ಲಿ ತನ್ನ ಜೊತೆಗಿದ್ದ ಶ್ರಾವಸ್ತಿಯ ವರ್ತಕರ ಬಾಯಲ್ಲಿ ಬುದ್ಧನ ಮಾತುಗಳನ್ನು ಕೇಳಿದ, ಶ್ರಾವಸ್ತಿಗೆ ಹೋಗಿ ಭಿಕ್ಷುವಾದ. ಅವನಿಗಾಗಿ ಊರಿನಲ್ಲಿ ಶ್ರೀಗಂಧದ ವಿಹಾರವೊಂದು ಎದ್ದಿತು. ಬುದ್ಧ ಆಕಾಶಮಾರ್ಗವಾಗಿ ಅಲ್ಲಿಗೆ ಬಂದ. ಕತೆ ಕತೆಯೇ. ಆದರೆ ಅಂಥ ಕತೆ ಹುಟ್ಟಬೇಕಾದರೆ ಆ ಊರಿನಲ್ಲಿ ಬೌದ್ಧರು ಪೂಜಿಸುತ್ತಿದ್ದ ಯಾವುದೋ ಸ್ತೂಪ ಇದ್ದಿರಲೇಬೇಕು.

ಮುಂಬಯಿಯಿಂದ ದಹಿಸರ್ ದಾಟಿ ಉತ್ತರಕ್ಕೆ ಹೊರಟ ರೈಲು ಭಾಯಂದರಿನ ಬಳಿ ಕೊಲ್ಲಿಯ ಸೇತುವೆಯ ಮೇಲೆ ಸಾಗಿ, ವಸಾಯಿ ಕಳೆದು ನಾಲಾಸೋಪಾರಾ ಸೇರುತ್ತದೆ. ಆಗಿನ ಸೋಪಾರಾ ತೋಟ, ಗದ್ದೆ, ಕೆರೆಗಳ ಒಂದು ಹಳ್ಳಿ. ಹಡಗುಗಳ ರೇವು ಎಂದೋ ಹೂಳಿನಲ್ಲಿ ಮುಚ್ಚಿಹೋಗಿತ್ತು. ಠಾಣೆ ಜಿಲ್ಲೆಯ ಗ್ಯಾಸೆಟಿಯರ್ ಸಿದ್ಧಪಡಿಸುತ್ತಿದ್ದ ಜೇಮ್ಸ್ ಕ್ಯಾಂಬೆಲ್ ಎಂಬ ಅಧಿಕಾರಿ ಪ್ರಾಚೀನ ಸ್ಥಳಗಳ ವಿಷಯದಲ್ಲಿ ಭಗವಾನ್‌ಲಾಲರ ನೆರವು ಕೇಳಿದ್ದರು. ಶೂರ್ಪಾರಕ, ಸೋಪಾರಾ ಎಂಬ ಹೆಸರಿನ ಜಾಡು ಹಿಡಿದು ಪಂಡಿತ ಭಗವಾನ್‌ಲಾಲ್ ಆ ಹಳ್ಳಿಗೆ ಬಂದರು.

ಊರ ಹೊರಗೆ ಮರಗಳ ನಡುವೆ ದುಂಡನೆಯ ದೊಡ್ಡ ದಿಬ್ಬವೊಂದಿತ್ತು. ಹಳ್ಳಿಗರು ಅದನ್ನು ‘ಬುರುಡ ರಾಜಾಚೆ ಕೋಟ’ ಎನ್ನುತ್ತಿದ್ದರು. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವ ಬುರುಡರು, ಅಂದರೆ ನಮ್ಮ ಕಡೆಯ ಮೇದರು. ಅವರ ಕುಲದ ರಾಜನೊಬ್ಬನ ಕೋಟೆ ಅದೆಂದು ಜನರ ನಂಬಿಕೆ. ಬಂದುಹೋದವರೆಲ್ಲ ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದರು. ಭಗವಾನ್‌ಲಾಲ್ ದಿಬ್ಬದ ಆಕಾರವನ್ನು ನೋಡಿದರು. ಕೋಟೆ ಹಾಳಾದರೆ ಗೋಡೆಯ ಸಾಲು ಉಳಿಯುತ್ತದೆ, ನಡುವೆ ಬಯಲಿರುತ್ತದೆ. ಇಲ್ಲಿ ಎತ್ತರವಿದ್ದದ್ದು ನಡುವೆಯೇ. ಸುತ್ತಲೂ ಸಮನಾಗಿ ಇಳಿಜಾರು. ನೇಪಾಳದವರೆಗೆ ಸ್ತೂಪಗಳನ್ನು ನೋಡಿ ಬಂದ ಕಣ್ಣಿಗೆ ಆ ಆಕಾರ ಬೇರೆಯೇ ಕತೆ ಹೇಳಿತು.

ಗುರುತು ಸಿಕ್ಕಿದ್ದೇನೋ ನಿಜ, ಆದರೆ ಅದು ಊಹೆ. ಮುರಿದ ಸ್ತೂಪಗಳಲ್ಲಿ ಎಷ್ಟೋ ಬರಿದಾಗಿರುತ್ತವೆ. ಸಾವಿರದೈನೂರು ವರ್ಷಕ್ಕೂ ಹೆಚ್ಚು ಕಾಲ ನಿಂತ ದಿಬ್ಬವನ್ನು ನಿಧಿಗಳ್ಳರು ಬಿಟ್ಟಿರುತ್ತಾರೆಯೇ? ಹೊರಮೈಯ ಕಲ್ಲುಗಳನ್ನು ಜನ ಎಂದೋ ಹೊತ್ತೊಯ್ದಿದ್ದರು. ಒಳಗಿನದೂ ಹೋಗಿದ್ದರೆ ಪಂಡಿತರ ಮಾತಿಗೆ ಸಾಕ್ಷಿಯೇ ಇರುತ್ತಿರಲಿಲ್ಲ.

1882ರ ಏಪ್ರಿಲ್‌ನಲ್ಲಿ, ಕೊಂಕಣದ ಸೆಕೆ ಏರುವ ದಿನಗಳಲ್ಲಿ ಅಗೆತ ನಡೆಯಿತು. ಕ್ಯಾಂಬೆಲ್ ಮತ್ತು ಠಾಣೆಯ ಕಲೆಕ್ಟರ್ ಮುಲಾಕ್ ಜೊತೆಗಿದ್ದರು. ಎಲ್ಲಿ ಅಗೆಯಬೇಕೆಂಬ ವಿಷಯದಲ್ಲಿ ಗೊಂದಲವಿರಲಿಲ್ಲ. ಸ್ತೂಪ ಕಟ್ಟುವವರು ಧಾತುವನ್ನು, ಅಂದರೆ ಪೂಜ್ಯ ಅವಶೇಷವನ್ನು, ನಟ್ಟನಡುವೆ ಇಟ್ಟು, ಅದರ ಸುತ್ತ ವೃತ್ತ ಎಳೆದು ಇಟ್ಟಿಗೆ ಏರಿಸುತ್ತಾರೆ. ಹಾಗಾಗಿ ನಡುವನ್ನು ಬಿಟ್ಟು ಬೇರೆಲ್ಲಿ ಅಗೆದರೂ ವ್ಯರ್ಥ. ನಡುವೆಯೇ ಏನೂ ಸಿಗದಿದ್ದರೆ ಮುಂದೆ ಹುಡುಕುವ ದಾರಿಯೂ ಇಲ್ಲ.

ಮೇಲ್ಮಣ್ಣು ಸರಿಸಿದಾಗ ಇಟ್ಟಿಗೆ ಬಂತು, ಅದರ ಕೆಳಗೆ ಮತ್ತೆ ಇಟ್ಟಿಗೆ. ದಿಬ್ಬ ಕೋಟೆಯಲ್ಲ, ಮನುಷ್ಯರು ಲೆಕ್ಕಹಾಕಿ ತುಂಬಿಸಿದ ಗಟ್ಟಿ ಕಟ್ಟಡ ಎಂಬುದು ಮೊದಲು ಖಾತ್ರಿಯಾಯಿತು. ಗುಂಡಿ ಆಳವಾಗುತ್ತ ಹೋದರೂ ಇಟ್ಟಿಗೆಯ ಹೊರತು ಮತ್ತೇನೂ ಸಿಗಲಿಲ್ಲ. ಕೊನೆಗೆ ಹೆಣಿಗೆ ಬದಲಾಯಿತು. ಇಟ್ಟಿಗೆಗಳು ಚೌಕವಾಗಿ ನಿಂತು ಒಂದು ಪುಟ್ಟ ಕೋಣೆಯಾದವು. ಕೋಣೆಯ ಒಳಗೆ, ಕಳ್ಳರ ಕೈಗೆ ಸಿಗದೆ, ಮುಚ್ಚಳ ಹಾಕಿದ ದುಂಡನೆಯ ಕಲ್ಲಿನ ಪೆಟ್ಟಿಗೆ ಕುಳಿತಿತ್ತು.

ಮುಚ್ಚಳ ಎತ್ತಿದರು. ನಡುವೆ ಮೊಟ್ಟೆಯಾಕಾರದ ತಾಮ್ರದ ಕರಂಡ. ಅದರ ಸುತ್ತ ಎಂಟು ಕಂಚಿನ ಮೂರ್ತಿಗಳು ಕರಂಡವನ್ನು ಕಾಯುವಂತೆ ಕುಳಿತಿದ್ದವು. ತಾಮ್ರದ ಕರಂಡವನ್ನು ತೆರೆದರೆ ಒಳಗೆ ಬೆಳ್ಳಿಯದು. ಬೆಳ್ಳಿಯದನ್ನು ತೆರೆದರೆ ಕಲ್ಲಿನದು. ಕಲ್ಲಿನದರ ಒಳಗೆ ಸ್ಫಟಿಕದ್ದು. ಸ್ಫಟಿಕದ ಒಳಗೆ, ಎಲ್ಲಕ್ಕಿಂತ ಪುಟ್ಟದಾದ ಚಿನ್ನದ ಭರಣಿ. ಚಿನ್ನದ ಹೂಗಳ ರಾಶಿ, ಮಣಿಗಳು, ರತ್ನದ ಹರಳುಗಳು, ಬುದ್ಧನ ರೂಪ ಉಬ್ಬಿಸಿದ ಚಿನ್ನದ ತಗಡು, ಒಂದು ಬೆಳ್ಳಿಯ ನಾಣ್ಯ ಕೂಡ ಅಲ್ಲಿದ್ದವು. ಜನರ ಬಾಯಿಮಾತಿನ ರಾಜನ ಸಂಪತ್ತು ನಿಜಕ್ಕೂ ಸಿಕ್ಕಿತ್ತು.

ಚಿನ್ನದ ಭರಣಿಯ ಒಳಗೆ ಏನಿತ್ತು? ತಾಮ್ರದಿಂದ ಬೆಳ್ಳಿಗೆ, ಸ್ಫಟಿಕಕ್ಕೆ, ಚಿನ್ನಕ್ಕೆ ಏರುತ್ತ ಬಂದ ಬೆಲೆ ಕೊನೆಯಲ್ಲಿ ವಜ್ರಕ್ಕೆ ಮುಟ್ಟಬೇಕಿತ್ತು. ಸಿಕ್ಕಿದ್ದು ಮಣ್ಣಿನ ಪಾತ್ರೆಯ ಕೆಲವು ಸಣ್ಣ ಚೂರುಗಳು. ನಿಧಿಗಳ್ಳ ಮೊದಲು ಬಂದಿದ್ದರೆ ಅವನು ಚಿನ್ನವನ್ನು ಗಂಟು ಕಟ್ಟಿಕೊಂಡು ಆ ಚೂರುಗಳನ್ನು ಮಣ್ಣಿಗೆ ಸುರಿದು ಹೋಗುತ್ತಿದ್ದ. ಬೌದ್ಧ ಕತೆಗಳನ್ನು ಓದಿ ಬಂದ ಭಗವಾನ್‌ಲಾಲ್ ಆ ಚೂರುಗಳ ಎದುರು ಬೇರೆ ಲೆಕ್ಕ ಹಾಕಿದರು. ಇಷ್ಟೊಂದು ಕರಂಡಗಳು ಸುತ್ತುವರಿದದ್ದು ಒಂದು ಮಡಕೆಯ ಚೂರಾಗಿದ್ದರೆ, ಆ ಮಡಕೆ ಯಾರ ಕೈಯಲ್ಲಿತ್ತು? ಸೋಪಾರಾದ ಭಕ್ತರು ಬುದ್ಧನ ಭಿಕ್ಷಾಪಾತ್ರೆಯದೆಂದು ನಂಬಿ ಪೂಜಿಸಿದ ಚೂರುಗಳು ಅವು ಎಂಬುದು ಅವರ ತೀರ್ಮಾನ.

ಮೂರ್ತಿಗಳ ಒಗಟೂ ಹಾಗೆಯೇ ಬಿಡಿಸಿಕೊಂಡಿತು. ಏಳು ಮೂರ್ತಿಗಳು ಭಿಕ್ಷುವಿನ ವೇಷದಲ್ಲಿದ್ದವು, ಎಂಟನೆಯದಕ್ಕೆ ರಾಜಕುಮಾರನ ಒಡವೆ. ವಿಪಶ್ಯಿ, ಶಿಖಿ, ವಿಶ್ವಭೂ, ಕ್ರಕುಚ್ಛಂದ, ಕನಕಮುನಿ, ಕಾಶ್ಯಪ, ಶಾಕ್ಯಮುನಿ. ಬೌದ್ಧರು ಹೇಳುವ ಏಳು ಬುದ್ಧರು ಇವರೇ. ಎಂಟನೆಯವನು ಇನ್ನು ಮುಂದೆ ಬರಬೇಕಾದ ಮೈತ್ರೇಯ. ಕಳೆದ ಕಾಲ, ಬರುವ ಕಾಲ ಎರಡೂ ಆ ಮಣ್ಣಿನ ಚೂರುಗಳಿಗೆ ಕಾವಲು ಕುಳಿತಿದ್ದವು.

ನಾಣ್ಯದ ಮೇಲೆ ರಾಜನ ಮುಖ, ಸುತ್ತಲೂ ಅಕ್ಷರ. ಕ್ಷತ್ರಪರ ನಾಣ್ಯಗಳನ್ನು ಜೀವಮಾನವಿಡೀ ಸಂಗ್ರಹಿಸಿದ ಭಗವಾನ್‌ಲಾಲರಿಗೆ ಅದನ್ನು ಓದಲು ತಡವಾಗಲಿಲ್ಲ. ಗೌತಮೀಪುತ್ರ ಯಜ್ಞಶ್ರೀ ಸಾತಕರ್ಣಿ, ಕ್ರಿ.ಶ. ಎರಡನೇ ಶತಮಾನದ ಸಾತವಾಹನ ದೊರೆ. ಚಲಾವಣೆಯಲ್ಲಿ ಸವೆಯದ, ಟಂಕಸಾಲೆಯಿಂದ ಬಂದ ಹೊಸತರಲ್ಲೇ ಹೂತಂತಿದ್ದ ನಾಣ್ಯ. ಸ್ತೂಪದ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ ಎನಿಸಿತು. ಆದರೆ ಕಂಚಿನ ಮೂರ್ತಿಗಳ ಮುಖ, ಮೈಕಟ್ಟು ಎರಡನೇ ಶತಮಾನಕ್ಕೆ ಹೊಂದುತ್ತಿರಲಿಲ್ಲ. ಒಂದೇ ಪೆಟ್ಟಿಗೆ, ಒಂದೇ ಮುಚ್ಚಳ, ಒಳಗಿದ್ದವು ಮಾತ್ರ ಎರಡು ಕಾಲದವು. ಈ ತೊಡಕು ವಿದ್ವಾಂಸರನ್ನು ಬಹಳ ದಿನ ಕಾಡಿತು.

ಅಷ್ಟರಲ್ಲಿ ಸೋಪಾರಾ ಇನ್ನೊಂದು ಅಚ್ಚರಿಯನ್ನು ಹೊರಹಾಕಿತು. ಅದೇ 1882ರಲ್ಲಿ, ಊರಿನ ಭಾಟೇಲಾ ಕೆರೆಯ ಬಳಿ, ಒಡೆದ ಕರಿಗಲ್ಲಿನ ತುಂಡೊಂದು ಭಗವಾನ್‌ಲಾಲರಿಗೆ ಸಿಕ್ಕಿತು. ಅದರ ಮೇಲೆ ಅರ್ಧಂಬರ್ಧ ಸಾಲುಗಳು. ತುದಿ ಮೊದಲಿಲ್ಲದ ಬರಹ ಬೇರೆಯವರನ್ನು ದಿಕ್ಕೆಡಿಸುತ್ತಿತ್ತು. ಭಗವಾನ್‌ಲಾಲರಿಗೋ ಇದು ಬಾಲ್ಯದ ಪಾಠ. ಗಿರ್ನಾರ್ ಬಂಡೆಯ ಮೇಲೆ ಅಕ್ಷರ ಕಲಿಯುವಾಗ ತಿದ್ದಿದ ಮಾತುಗಳೇ ಇಲ್ಲಿ ಮುರಿದು ನಿಂತಿದ್ದವು. ಅದು ಅಶೋಕನ ಎಂಟನೆಯ ಶಾಸನದ ತುಂಡು. ಹಿಂದಿನ ರಾಜರು ಬೇಟೆಗೆಂದು ವಿಹಾರ ಹೋಗುತ್ತಿದ್ದರು, ತಾನು ಬೋಧಿಯ ಸ್ಥಳಕ್ಕೆ ಹೋಗಿ ಧರ್ಮಯಾತ್ರೆ ಆರಂಭಿಸಿದೆ ಎಂದು ಚಕ್ರವರ್ತಿ ಸಾರಿದ ಶಾಸನ. ಚಿನ್ನದ ಹೂಗಳು ಹೇಳಲಾಗದ್ದನ್ನು ಈ ಒಡಕು ಕಲ್ಲು ಹೇಳಿತು. ಅಶೋಕ ತನ್ನ ಶಾಸನಮಾಲೆಯನ್ನು ಕೊರೆಸುತ್ತಿದ್ದದ್ದು ಜನ ಸೇರುವ ಕಡೆ, ಹೆದ್ದಾರಿಗಳ ಬಳಿ. ಸೋಪಾರಾ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಅಂಥ ನಗರವಾಗಿತ್ತು.

ಇದೇ ಬಗೆಯ ಅದೃಷ್ಟ ಮೂರು ದಶಕಗಳ ಬಳಿಕ ಕರ್ನಾಟಕದಲ್ಲೂ ಒದಗಿತು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ಅದಿರು ಅರಸುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಬಂಡೆಯ ಮೇಲೆ ಬರಹ ಕಂಡರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ‘ಅಶೋಕ’ ಎಂಬ ಹೆಸರು ಶಾಸನವೊಂದರಲ್ಲಿ ಮೊದಲ ಬಾರಿಗೆ ಸಿಕ್ಕಿದ್ದು ಅಲ್ಲಿಯೇ. ಚಿನ್ನ ಹುಡುಕಿ ಹೊರಟವರಿಗೆ ಅಕ್ಷರ ಸಿಕ್ಕಿತು; ಅಕ್ಷರ ಹಿಡಿದು ಹೊರಟ ಭಗವಾನ್‌ಲಾಲರಿಗೆ ಚಿನ್ನ ಸಿಕ್ಕಿತ್ತು.

ಸೋಪಾರಾದ ವಿವರಗಳು ಗ್ಯಾಸೆಟಿಯರಿನಲ್ಲೂ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲೂ ಬಂದಾಗ ಭಗವಾನ್‌ಲಾಲರ ಕೀರ್ತಿ ಕಡಲು ದಾಟಿತು. 1884ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆದರೆ ಅಲೆದಾಟದಲ್ಲಿ ಸವೆದ ದೇಹ ಹೆಚ್ಚು ಕಾಲ ತಾಳಲಿಲ್ಲ. 1888ರ ಮಾರ್ಚಿನಲ್ಲಿ, ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. ಗುಜರಾತಿನ ಇತಿಹಾಸವನ್ನು ಬರೆಯಲು ಕೂಡಿಟ್ಟಿದ್ದ ಟಿಪ್ಪಣಿಗಳನ್ನು ಬೇರೆಯವರು ಪೂರ್ತಿಗೊಳಿಸಬೇಕಾಯಿತು.

ಪೆಟ್ಟಿಗೆಯ ತೊಡಕು ಬಿಡಿಸಿದ್ದು ಮುಂದಿನ ಪೀಳಿಗೆಯ ಶಿಲ್ಪತಜ್ಞರು. ಕಂಚಿನ ಮೂರ್ತಿಗಳು ಸುಮಾರು ಎಂಟು, ಒಂಬತ್ತನೇ ಶತಮಾನದವೆಂದು ಅವರು ಶೈಲಿಯಿಂದ ಗುರುತಿಸಿದರು. ಅಲ್ಲಿಗೆ ವಿವರಣೆ ಒಂದೇ. ಸಾತವಾಹನರ ಕಾಲದಲ್ಲಿ ಹೂತ ಧಾತುವನ್ನು ಆರು ಶತಮಾನಗಳ ನಂತರ ಯಾರೋ ತೆರೆದರು. ಕಳ್ಳರಲ್ಲ, ಭಕ್ತರು. ಹಳೆಯದರಲ್ಲಿ ಏನನ್ನೂ ತೆಗೆದುಕೊಳ್ಳದೆ ತಮ್ಮ ಕಾಲದ ಎಂಟು ಮೂರ್ತಿಗಳನ್ನು ಸೇರಿಸಿ ಮತ್ತೆ ಮುಚ್ಚಿದರು. ಆ ಶತಮಾನಗಳಲ್ಲಿ ಕೊಂಕಣ ಮಾನ್ಯಖೇಟದ ರಾಷ್ಟ್ರಕೂಟರ ಆಳ್ವಿಕೆಗೆ ಸೇರಿತ್ತು. ಕನ್ಹೇರಿಯ ಗುಹೆಗಳಲ್ಲಿ ಅಮೋಘವರ್ಷನ ಹೆಸರು ಹೇಳಿ ಭಿಕ್ಷುಗಳಿಗೆ ದತ್ತಿ ಬಿಟ್ಟ ಶಾಸನಗಳು ಇಂದಿಗೂ ಇವೆ. ಕವಿರಾಜಮಾರ್ಗದ ಮೂಲಕ ಕನ್ನಡಿಗರು ನೆನೆಯುವ ನೃಪತುಂಗ ಈತನೇ. ಬೌದ್ಧ ಧರ್ಮ ಈ ಕಡಲತೀರದಲ್ಲಿ ಅಷ್ಟು ತಡವಾಗಿಯೂ ಜೀವಂತವಾಗಿತ್ತು ಎಂಬುದಕ್ಕೆ ಕನ್ಹೇರಿಯ ಕಲ್ಲು ಮತ್ತು ಸೋಪಾರಾದ ಕಂಚು ಎರಡೂ ಸಾಕ್ಷಿ.

ಕರಂಡಗಳು, ಚಿನ್ನದ ಹೂಗಳು, ಎಂಟು ಮೂರ್ತಿಗಳು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪಾಲಾದವು. ಅಶೋಕನ ಕಲ್ಲು ನಗರದ ವಸ್ತುಸಂಗ್ರಹಾಲಯ ಸೇರಿತು. 1956ರಲ್ಲಿ ಸೋಪಾರಾ ಸಮೀಪದ ಭುಯಿಗಾಂವ್‌ನಲ್ಲಿ ಒಂಬತ್ತನೆಯ ಶಾಸನದ ತುಂಡೂ ದೊರೆಯಿತು. ಎಂಟನೆಯದು ಅಲೆಯುತ್ತ ಬಂದ ಒಂಟಿ ಕಲ್ಲಲ್ಲ, ಗಿರ್ನಾರಿನಲ್ಲಿದ್ದಂತೆ ಇಲ್ಲಿಯೂ ಶಾಸನಗಳ ಇಡೀ ಸಾಲೇ ಇತ್ತು ಎಂಬುದು ಹೀಗೆ ಸ್ಥಿರಪಟ್ಟಿತು. ಶೂರ್ಪಾರಕ ಎಲ್ಲಿತ್ತು ಎಂಬ ಪ್ರಶ್ನೆಗೆ ಜುನಾಗಢದ ಪಂಡಿತರು ಕೊಟ್ಟಿದ್ದ ಉತ್ತರ, ಅವರು ಹೋದ ಅರವತ್ತೆಂಟು ವರ್ಷಗಳ ಬಳಿಕ, ಮತ್ತೊಂದು ಕಲ್ಲಿನ ಮೊಹರು ಪಡೆಯಿತು.